ಅಳಿವೆಯಿಂದ ವಿದ್ಯುತ್: ಸಸ್ಯಜನ್ಯ ಪೊರೆಗಳು ಮತ್ತು ನನ್ನ ಒಂದು ತಪ್ಪು ಪ್ರಯೋಗ

ಬೋಧನಾಭ್ಯಾಸದ ಮೂರನೆಯ ವಾರ ಹೊನ್ನಾವರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ತೆಗೆದುಕೊಂಡ ಪಾಠದಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ಏಕೆಂದರೆ ಆ ಪಾಠದಲ್ಲಿ ನಾನು ಮಕ್ಕಳಿಗೆ ಸುಳ್ಳು ಹೇಳಿದೆ. ಗೊತ್ತಿದ್ದು ಹೇಳಿದ್ದಲ್ಲ. ಆದರೂ ಸುಳ್ಳು ಸುಳ್ಳೇ.

ಪಾಠದ ವಿಷಯ ಅಭಿಸರಣೆ. ಒಣದ್ರಾಕ್ಷಿ ಉಬ್ಬುವುದು, ಆಲೂಗಡ್ಡೆ ಸೊರಗುವುದು ಎಲ್ಲರೂ ಮಾಡುವ ಚಟುವಟಿಕೆಗಳೇ. ಶರಾವತಿ ಸಮುದ್ರ ಸೇರುವ ಊರಿನ ಮಕ್ಕಳಿಗೆ ಅದಕ್ಕಿಂತ ಹತ್ತಿರದ್ದೇನಾದರೂ ತೋರಿಸೋಣ ಎಂದುಕೊಂಡು, ಸಿಹಿನೀರು ಮತ್ತು ಉಪ್ಪುನೀರಿನ ವ್ಯತ್ಯಾಸದಿಂದ ವಿದ್ಯುತ್ ಪಡೆಯುವ ಮಾದರಿಯೊಂದನ್ನು ತಯಾರಿಸಿದೆ. ಎರಡು ಪ್ಲಾಸ್ಟಿಕ್ ಬಾಟಲಿಗಳ ನಡುವೆ ನುಗ್ಗೆ ಕೊಂಬೆಯಿಂದ ಅಡ್ಡಲಾಗಿ ಕೊಯ್ದ ತೆಳು ಬಿಲ್ಲೆ. ಒಂದು ಕಡೆ ಶಾಲೆಯ ಬಾವಿನೀರು, ಇನ್ನೊಂದು ಕಡೆ ಸಮುದ್ರದ ನೀರು. ಬಾವಿನೀರಿಗೆ ತಾಮ್ರದ ಪಟ್ಟಿ, ಸಮುದ್ರದ ನೀರಿಗೆ ಸತುವಿನ ಪಟ್ಟಿ. ಮಲ್ಟಿಮೀಟರ್ 0.74 ವೋಲ್ಟ್ ತೋರಿಸಿತು. ಇಂಥ ಮೂರನ್ನು ಸರಣಿಯಲ್ಲಿ ಜೋಡಿಸಿದಾಗ ಕೆಂಪು ಎಲ್‌ಇಡಿ ಮಂದವಾಗಿ ಹೊತ್ತಿಕೊಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. "ನೋಡಿ, ಮರದ ಪೊರೆಯ ಮೂಲಕ ಉಪ್ಪು ಹಾಯುವಾಗ ವಿದ್ಯುತ್ ಹುಟ್ಟುತ್ತದೆ" ಎಂದೆ. ಹಿಂದಿನ ಬೆಂಚಿನಲ್ಲಿ ಅವಲೋಕನಕ್ಕೆ ಕುಳಿತಿದ್ದ ನಮ್ಮ ಬೋಧನಾ ವಿಧಾನದ ಸರ್ ಏನೋ ಬರೆದುಕೊಂಡರು.

ಮಾದರಿಯನ್ನು ಮುಟ್ಟಿ ನೋಡಲು ಗುಂಪುಗಳಿಗೆ ಕೊಟ್ಟಿದ್ದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ತಾಮ್ರದ ಪಟ್ಟಿಯನ್ನೂ ಎತ್ತಿ ಉಪ್ಪುನೀರಿನ ಬಾಟಲಿಗೇ ಇಳಿಸಿದಳು. "ಟೀಚರ್, ಎರಡೂ ಒಂದೇ ನೀರಿಗೆ ಹಾಕಿರೂ ಅಷ್ಟೇ ತೋರಿಸ್ತದೆ. ಹಂಗಾರೆ ಮರ ಎಂತಕ್ಕೆ?" ಎಂದು ಕೇಳಿದಳು.

ಮೀಟರಿನಲ್ಲಿ 0.76 ಇತ್ತು. ಪೊರೆಯೂ ಬೇಡ, ಎರಡು ಬಗೆಯ ನೀರೂ ಬೇಡ! ನನಗೆ ಉತ್ತರ ಹೊಳೆಯಲಿಲ್ಲ. "ಅದನ್ನು ಮುಂದಿನ ತರಗತಿಯಲ್ಲಿ ನೋಡೋಣ" ಎಂದು ಹೇಳಿ ಕಪ್ಪುಹಲಗೆ ಒರೆಸಿದೆ. ಆ ದಿನದ ಪಾಠಯೋಜನೆಯ ವಹಿಯಲ್ಲಿ "ಉದ್ದೇಶ ಸಾಧಿತವಾಗಿದೆ" ಎಂದು ಬೆಳಿಗ್ಗೆಯೇ ಬರೆದಿಟ್ಟಿದ್ದೆ.

ನಿಜವಾಗಿ ಅಲ್ಲಿ ನಡೆದದ್ದು ನಿಂಬೆಹಣ್ಣಿನ ಬ್ಯಾಟರಿಯಲ್ಲಿ ನಡೆಯುವುದೇ. ಸತು ಕರಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ತಂತಿಯ ಮೂಲಕ ತಾಮ್ರದ ಕಡೆಗೆ ಹರಿಯುತ್ತವೆ. ಶಕ್ತಿ ಬರುವುದು ಸತುವಿನಿಂದ. ಉಪ್ಪುನೀರು ಬರೀ ದಾರಿ ಮಾಡಿಕೊಡುತ್ತದೆ. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ "ಸಮುದ್ರದ ನೀರಿನಿಂದ ವಿದ್ಯುತ್" ಎಂಬ ಹೆಸರಿನಲ್ಲಿ ಬರುವ ಮಾದರಿಗಳು ಹೆಚ್ಚಿನವು ಹೀಗೇ ಇರುತ್ತವೆ. ಎರಡು ಬೇರೆ ಬೇರೆ ಲೋಹಗಳು ಕಂಡರೆ ಪ್ರಶಿಕ್ಷಣಾರ್ಥಿ ಮಿತ್ರರು ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

ಹಾಗಾದರೆ ಸಿಹಿನೀರು ಉಪ್ಪುನೀರು ಬೆರೆಯುವಲ್ಲಿ ನಿಜವಾಗಿಯೂ ಶಕ್ತಿ ಇದೆಯೇ? ಇದೆ, ಊಹೆಗೂ ಮೀರಿ ಇದೆ. ಒಂದು ಘನಮೀಟರ್ ನದಿನೀರು ಸಮುದ್ರದ ಹೇರಳ ನೀರಿನೊಂದಿಗೆ ಬೆರೆಯುವಾಗ ಸಿದ್ಧಾಂತದ ಪ್ರಕಾರ ಗರಿಷ್ಠ ಸುಮಾರು 0.75 ಯೂನಿಟ್ (ಕಿಲೋವ್ಯಾಟ್-ಗಂಟೆ) ಕೆಲಸ ಪಡೆಯಬಹುದು. ಸಮುದ್ರದ ನೀರಿನ ಅಭಿಸರಣ ಒತ್ತಡ ಸುಮಾರು 27 ವಾಯುಮಂಡಲದಷ್ಟು. ಅದು 270 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಈ ಸಂಖ್ಯೆ ನೋಡಿದಾಗ ನಾನು ಕುಳಿತಲ್ಲಿಂದ ಎದ್ದೆ. ಜೋಗದ ಎತ್ತರ 253 ಮೀಟರ್. ಅಂದರೆ ಜೋಗದಲ್ಲಿ ಅಷ್ಟೆತ್ತರದಿಂದ ಧುಮುಕಿದ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುವಾಗ, ಸದ್ದಿಲ್ಲದೆ, ಕಣ್ಣಿಗೆ ಕಾಣದ ಇನ್ನೊಂದು ಜೋಗವನ್ನು ಇಳಿಯುತ್ತಾಳೆ. ಮೇಲಿನದಕ್ಕಿಂತ ಒಂದಿಷ್ಟು ಎತ್ತರವೇ.

ಈ ಶಕ್ತಿ ಎಲ್ಲಿಂದ ಬಂತು ಎಂಬುದಕ್ಕೆ ಎಂಟ್ರೋಪಿಯ ಮಾತನ್ನು ಒಂಬತ್ತನೆಯ ತರಗತಿಯಲ್ಲಿ ತರಬೇಕಾಗಿಲ್ಲ. ನಮ್ಮ ಜಿಲ್ಲೆಯವರಿಗೆ ಸಾಣಿಕಟ್ಟಾದ ಉಪ್ಪಿನ ಆಗರ ಗೊತ್ತು. ಅಲ್ಲಿ ಉಪ್ಪನ್ನೂ ನೀರನ್ನೂ ಬೇರ್ಪಡಿಸಲು ಬಿಸಿಲು ದಿನಗಟ್ಟಲೆ ದುಡಿಯಬೇಕು. ಬೇರ್ಪಡಿಸಲು ಶಕ್ತಿ ಬೇಕೆಂದರೆ, ಬೆರೆಯುವಾಗ ಅದರ ಒಂದು ಪಾಲನ್ನು ಹಿಂದಕ್ಕೆ ಪಡೆಯಲೂ ಬಂದೀತು. ಸೂರ್ಯ ಸಮುದ್ರದಿಂದ ಸಿಹಿನೀರನ್ನು ಆವಿಯಾಗಿ ಎತ್ತುತ್ತಾನೆ, ಮಳೆಯಾಗಿ ಅದು ಘಟ್ಟದ ಮೇಲೆ ಬೀಳುತ್ತದೆ. ಜೋಗದಲ್ಲಿ ನಾವು ಪಡೆಯುವುದು ಸೂರ್ಯ ಮಾಡಿದ ಎತ್ತುವ ಕೆಲಸದ ಪಾಲು. ಅಳಿವೆಯಲ್ಲಿ ಪಡೆಯಬಹುದಾದದ್ದು ಬೇರ್ಪಡಿಸುವ ಕೆಲಸದ ಪಾಲು.

ಆದರೆ ಅಳಿವೆಯಲ್ಲಿ ಎರಡು ನೀರೂ ತಾವಾಗಿ ಬೆರೆತುಬಿಟ್ಟರೆ ಶಕ್ತಿ ನಮ್ಮ ಕೈಗೆ ಸಿಗುವುದಿಲ್ಲ. ಬೆರೆಯುವ ದಾರಿಯಲ್ಲಿ ಒಂದು ಪೊರೆಯನ್ನಿಟ್ಟು, ಬೇಕಾದದ್ದನ್ನಷ್ಟೇ ಹಾಯಲು ಬಿಡಬೇಕು. ಇದಕ್ಕೆ ಎರಡು ವಿಧಾನಗಳಿವೆ; ನಾನು ಪಾಠದಲ್ಲಿ ಎರಡನ್ನೂ ಕಲಸಿಬಿಟ್ಟಿದ್ದೆ. ಮೊದಲನೆಯದರಲ್ಲಿ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ತಡೆಯುತ್ತದೆ. ಸಿಹಿನೀರು ಉಪ್ಪುನೀರಿನ ಕಡೆಗೆ ನುಗ್ಗಿ ಒತ್ತಡ ಏರುತ್ತದೆ, ಆ ಒತ್ತಡದಿಂದ ಟರ್ಬೈನ್ ತಿರುಗುತ್ತದೆ. ಇದು ಪಠ್ಯಪುಸ್ತಕದ ಅಭಿಸರಣೆ. ಎರಡನೆಯದರಲ್ಲಿ ಪೊರೆಯನ್ನು ದಾಟುವುದು ಉಪ್ಪಿನ ಅಯಾನುಗಳು. ಸೋಡಿಯಂ ಮತ್ತು ಕ್ಲೋರೈಡ್ ಎರಡರಲ್ಲಿ ಒಂದನ್ನು ಮಾತ್ರ ಬಿಟ್ಟರೆ ಆವೇಶಗಳು ಬೇರ್ಪಟ್ಟು ನೇರವಾಗಿ ವಿಭವಾಂತರ ಹುಟ್ಟುತ್ತದೆ. ಟರ್ಬೈನ್ ಬೇಡ. ಇದನ್ನು ಅಭಿಸರಣೆ ಎಂದು ಕರೆಯುವುದೇ ತಪ್ಪು. ಇದು ಅಯಾನುಗಳ ಆಯ್ದ ವಿಸರಣೆ. 1954ರಲ್ಲಿ ಆರ್. ಇ. ಪ್ಯಾಟಲ್ ಎಂಬವರು ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದ್ದು ಈ ಎರಡನೆಯ ಬಗೆಯನ್ನು. ಧನ ಅಯಾನು ಬಿಡುವ ಪೊರೆ, ಋಣ ಅಯಾನು ಬಿಡುವ ಪೊರೆ, ಮತ್ತೆ ಧನ, ಮತ್ತೆ ಋಣ ಎಂದು ಒಂದಾದ ಮೇಲೊಂದು ಜೋಡಿಸಿ, ನಡುವಿನ ಕೋಣೆಗಳಲ್ಲಿ ಒಂದು ಬಿಟ್ಟು ಒಂದರಂತೆ ಸಿಹಿನೀರು, ಉಪ್ಪುನೀರು ಹರಿಸುವುದು. ಟಾರ್ಚಿನಲ್ಲಿ ಸೆಲ್ಲುಗಳನ್ನು ಸಾಲಾಗಿ ಹಾಕಿದಂತೆ ಪ್ರತಿ ಪೊರೆಯ ವೋಲ್ಟೇಜೂ ಕೂಡುತ್ತಾ ಹೋಗುತ್ತದೆ.

ಒಂದು ಪೊರೆ ಎಷ್ಟು ಕೊಡಬಲ್ಲದು? ಸಮುದ್ರದ ನೀರಿನಲ್ಲಿ ಉಪ್ಪಿನ ಸಾರತೆ ಸುಮಾರು 0.6 ಮೋಲಾರ್, ನದಿನೀರಿನದು 0.01 ಎಂದುಕೊಂಡರೆ ಅನುಪಾತ 60. ನಮ್ಮ ಬಿ.ಎಸ್ಸಿ. ಪುಸ್ತಕದ ನರ್ನ್‌ಸ್ಟ್ ಸಮೀಕರಣಕ್ಕೆ ಹಾಕಿದರೆ, 59 ಮಿಲಿವೋಲ್ಟನ್ನು 60ರ ಲಾಗರಿತಮ್‌ನಿಂದ ಗುಣಿಸಿ, 105 ಮಿಲಿವೋಲ್ಟ್. ಸಾರ ದ್ರಾವಣದಲ್ಲಿ ಅಯಾನುಗಳು ಒಂದಕ್ಕೊಂದು ಅಡ್ಡಬರುವುದರಿಂದ ನಿಜದಲ್ಲಿ 100ಕ್ಕೆ ಸ್ವಲ್ಪ ಕಡಿಮೆ. ಪರಿಪೂರ್ಣ ಪೊರೆಯೇ ಇಷ್ಟು ಕೊಡುವುದಾದರೆ ನನ್ನ ನುಗ್ಗೆ ಬಿಲ್ಲೆ 740 ಕೊಟ್ಟದ್ದು ಹೇಗೆ ಎಂದು ಆ ದಿನವೇ ನನಗೆ ಅನ್ನಿಸಬೇಕಿತ್ತು. ಲೆಕ್ಕವನ್ನು ಮೊದಲು ಮಾಡಿದ್ದರೆ ಮಾನ ಉಳಿಯುತ್ತಿತ್ತು.

ಈಗ ಪೊರೆಯ ವಿಚಾರ. ಇದು ಜೀವವಿಜ್ಞಾನದವರಿಗೂ ಸೇರಿದ ಭಾಗ. ಅಯಾನು ಆಯುವ ಪೊರೆ ಎಂದರೆ ಜರಡಿ ಎಂಬ ಕಲ್ಪನೆ ಮಕ್ಕಳಿಗೆ ಬರುತ್ತದೆ, ನನಗೂ ಇತ್ತು. ಜರಡಿ ಗಾತ್ರ ನೋಡಿ ತಡೆಯುತ್ತದೆ. ಇಲ್ಲಿ ತಡೆಯುವುದು ಆವೇಶ. ರಂಧ್ರದ ಗೋಡೆಗೆ ಋಣ ಆವೇಶ ಅಂಟಿಕೊಂಡಿದ್ದರೆ ಅದು ಸೋಡಿಯಂ ಅನ್ನು ಹತ್ತಿರ ಕರೆಯುತ್ತದೆ, ಕ್ಲೋರೈಡನ್ನು ದೂರ ತಳ್ಳುತ್ತದೆ. ಸಸ್ಯದ ಕೋಶಭಿತ್ತಿಯಲ್ಲಿ ಇಂಥ ಆವೇಶ ಹುಟ್ಟಿನಿಂದಲೇ ಇದೆ. ಪೆಕ್ಟಿನ್‌ನಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು ನೀರಿನಲ್ಲಿ ಹೈಡ್ರೋಜನ್ ಬಿಟ್ಟುಕೊಟ್ಟು ಋಣ ಆವೇಶ ಪಡೆಯುತ್ತವೆ. ಸೆಲ್ಯುಲೋಸ್‌ನಲ್ಲಿರುವುದು ಬಹುಪಾಲು ಹೈಡ್ರಾಕ್ಸಿಲ್ ಗುಂಪುಗಳು, ಅವಕ್ಕೆ ಆವೇಶವಿಲ್ಲ. ಆದರೆ ಅವನ್ನು ಉತ್ಕರ್ಷಿಸಿ ಕಾರ್ಬಾಕ್ಸಿಲ್ ಆಗಿ ಬದಲಿಸಬಹುದು. ಟೋಕಿಯೋ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯಿ ಮತ್ತು ಸಂಗಡಿಗರು ಟೆಂಪೋ ಎಂಬ ವೇಗವರ್ಧಕ ಬಳಸಿ ಮರದ ತಿರುಳಿನ ನಾರುಗಳ ಮೇಲ್ಮೈಯಲ್ಲಿ ಇದನ್ನು ಸಾಧಿಸಿದರು. ಒಂದೇ ಬಗೆಯ ಆವೇಶ ಬಂದ ನಾರುಗಳು ಪರಸ್ಪರ ವಿಕರ್ಷಿಸಿ 3-4 ನ್ಯಾನೋಮೀಟರ್ ಅಗಲದ ಎಳೆಗಳಾಗಿ ಬಿಡಿಸಿಕೊಳ್ಳುತ್ತವೆ. ಈ ಎಳೆಗಳನ್ನು ಮತ್ತೆ ಒತ್ತಾಗಿ ಹಾಸಿ ಹಾಳೆ ಮಾಡಿದರೆ, ಎಳೆಗಳ ನಡುವಿನ ಸಂದುಗಳೇ ಅಯಾನುಗಳ ಓಣಿಗಳಾಗುತ್ತವೆ.

ಸಂದು ಎಷ್ಟು ಕಿರಿದಾಗಿರಬೇಕು ಎಂಬುದೇ ಮುಖ್ಯ. ಗೋಡೆಯ ಆವೇಶದ ಪ್ರಭಾವ ನೀರಿನೊಳಗೆ ಬಹಳ ದೂರ ಹೋಗುವುದಿಲ್ಲ, ಎದುರು ಆವೇಶದ ಅಯಾನುಗಳು ಮುತ್ತಿಕೊಂಡು ಅದನ್ನು ಮರೆಮಾಡುತ್ತವೆ. ಈ ದೂರಕ್ಕೆ ಡಿಬೈ ಉದ್ದ ಎನ್ನುತ್ತಾರೆ. 0.01 ಮೋಲಾರ್ ಉಪ್ಪುನೀರಿನಲ್ಲಿ ಅದು 3 ನ್ಯಾನೋಮೀಟರ್. ಸಮುದ್ರದ ನೀರಿನಲ್ಲಿ 0.4 ಮಾತ್ರ. ನುಗ್ಗೆಯಂಥ ಮರದಲ್ಲಿ ನೀರು ಸಾಗಿಸುವ ನಾಳಗಳು ಹತ್ತಾರು ಮೈಕ್ರೋಮೀಟರ್ ಅಗಲ. ನಾಳ 50 ಮೈಕ್ರೋಮೀಟರ್ ಎಂದುಕೊಳ್ಳಿ. ಅದು 3 ನ್ಯಾನೋಮೀಟರಿನ ಹದಿನಾರು ಸಾವಿರ ಪಟ್ಟಿಗಿಂತ ಹೆಚ್ಚು. ಹದಿನಾರು ಕಿಲೋಮೀಟರ್ ಉದ್ದದ ಕಡಲತೀರಕ್ಕೆ ಒಬ್ಬನೇ ಕಾವಲುಗಾರನನ್ನು ನಿಲ್ಲಿಸಿದಂತೆ. ಅವನ ಕೈಗೆ ಎಟುಕುವುದು ಒಂದು ಮೀಟರ್, ಉಳಿದ ಕಡೆ ಯಾರು ಬೇಕಾದರೂ ಹಾಯಬಹುದು. ಆ ಹುಡುಗಿ "ಮರ ಎಂತಕ್ಕೆ" ಎಂದು ಕೇಳಿದ್ದಕ್ಕೆ ನಿಜವಾದ ಉತ್ತರ ಇದು: ಹಸಿ ಮರದ ಬಿಲ್ಲೆ ಅಲ್ಲಿ ಏನನ್ನೂ ಆಯುತ್ತಿರಲಿಲ್ಲ.

ಹಾಗಾಗಿ ಸಂಶೋಧಕರು ಮರವನ್ನು ಹಾಗೇ ಬಳಸುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹೂ ಅವರ ತಂಡ 2020ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಒಂದಷ್ಟು ಮರದ ಹಾಳೆಗಳಿಗೆ ಋಣ ಆವೇಶದ ಗುಂಪುಗಳನ್ನೂ ಇನ್ನಷ್ಟಕ್ಕೆ ಧನ ಆವೇಶದ ಗುಂಪುಗಳನ್ನೂ ರಾಸಾಯನಿಕವಾಗಿ ಕೂಡಿಸಿ, ಒತ್ತಿ ಸಾಂದ್ರಗೊಳಿಸಿ, ಎರಡನ್ನೂ ಪರ್ಯಾಯವಾಗಿ ಜೋಡಿಸಿದರು. ಪ್ಯಾಟಲ್‌ನ ಜೋಡಣೆಯೇ, ಪೊರೆ ಮಾತ್ರ ಮರದ್ದು. ಸದ್ಯ ಬಳಕೆಯಲ್ಲಿರುವ ಅಯಾನು ವಿನಿಮಯ ಪೊರೆಗಳು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್‌ನಿಂದ ಆದವು, ದುಬಾರಿ. ಮರ, ಹತ್ತಿ, ಬಿದಿರುಗಳಿಂದ ಅದೇ ಕೆಲಸ ಆಗುವುದಾದರೆ ಬೆಲೆ ಇಳಿಯಬಹುದು, ಹಳೆಯ ಪೊರೆಯ ವಿಲೇವಾರಿಯೂ ಸುಲಭ. ಆಸೆ ಇಷ್ಟು. ಆದರೆ ಮಣ್ಣಿನಲ್ಲಿ ಕೊಳೆಯುವ ಗುಣವೇ ನದಿನೀರಿನಲ್ಲಿ ತೊಡಕೂ ಹೌದು. ಸೂಕ್ಷ್ಮಜೀವಿಗಳಿಗೆ ಸೆಲ್ಯುಲೋಸ್ ಊಟ.

ಮುಂದಿನ ಎರಡು ವಾರ ಸಂಜೆ ಹೊತ್ತು ಕಾಲೇಜಿನ ರಸಾಯನವಿಜ್ಞಾನ ಪ್ರಯೋಗಾಲಯದಲ್ಲಿ ಕಳೆದೆ. ಎರಡು ಲೋಹಗಳ ತಪ್ಪನ್ನು ಬಿಡಬೇಕೆಂದು ಎರಡೂ ಕಡೆ ಬೆಳ್ಳಿಯ ತಂತಿ ತೆಗೆದುಕೊಂಡೆ. ಹಳೆಯ ಕಾಲ್ಗೆಜ್ಜೆಯ ಕೊಂಡಿ ಬಿಚ್ಚಿ ನೇರ ಮಾಡಿದ್ದು. ಬಟ್ಟೆಗೆ ಹಾಕುವ ಬ್ಲೀಚಿನ ದ್ರವದಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಮೇಲ್ಮೈ ಸಿಲ್ವರ್ ಕ್ಲೋರೈಡ್ ಆಗಿ ಕಪ್ಪು-ನೇರಳೆ ಬಣ್ಣಕ್ಕೆ ತಿರುಗುತ್ತದೆ. ಉಪ್ಪುನೀರಿನಲ್ಲಿ ಇದು ಸ್ಥಿರವಾದ ವಿದ್ಯುದ್ವಾರ. ಎರಡು ಬಾಟಲಿಗಳ ಪಕ್ಕದಲ್ಲಿ ರಂಧ್ರ ಕೊರೆದು, ಸೈಕಲ್ ಟ್ಯೂಬಿನ ವಾಷರುಗಳ ನಡುವೆ ಪೊರೆಯನ್ನಿಟ್ಟು ಬಿಗಿ ಮಾಡಿದೆ. ಒಂದು ಕಡೆ ಲೀಟರಿಗೆ 35 ಗ್ರಾಂ ಉಪ್ಪು, ಇನ್ನೊಂದು ಕಡೆ ಲೀಟರಿಗೆ 0.6 ಗ್ರಾಂ. ಹೋಲಿಕೆಗೆಂದು ಮೊದಲು ಪೊರೆಯ ಜಾಗದಲ್ಲಿ ಬರಿಯ ಫಿಲ್ಟರ್ ಕಾಗದ ಇಟ್ಟೆ. ಸಿಹಿನೀರಿನ ಕಡೆ ಧನವಾಗಿ 74 ಮಿಲಿವೋಲ್ಟ್!

ಖುಷಿಯಿಂದ ಸರ್‌ಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಫಿಲ್ಟರ್ ಕಾಗದ ಏನನ್ನು ಆಯುತ್ತದಮ್ಮಾ?"

ಮತ್ತೆ ಅದೇ ಗುಂಡಿಗೆ ಬಿದ್ದಿದ್ದೆ, ಈ ಸಲ ಸ್ವಲ್ಪ ಆಳದ್ದಕ್ಕೆ. ಸಿಲ್ವರ್ ಕ್ಲೋರೈಡ್ ವಿದ್ಯುದ್ವಾರದ ವಿಭವ ತಾನು ಮುಳುಗಿದ ನೀರಿನ ಕ್ಲೋರೈಡ್ ಸಾರತೆಯನ್ನು ಅವಲಂಬಿಸಿದೆ. ಎರಡು ತಂತಿಗಳೂ ಒಂದೇ ಲೋಹದವಾದರೂ ಎರಡು ಬೇರೆ ಸಾರತೆಗಳಲ್ಲಿ ಇರುವುದರಿಂದ ಪೊರೆ ಇರಲಿ ಬಿಡಲಿ ಅವುಗಳ ನಡುವೆ 100 ಮಿಲಿವೋಲ್ಟಿನ ಆಸುಪಾಸು ವ್ಯತ್ಯಾಸ ಇದ್ದೇ ಇರುತ್ತದೆ. ಈ ಕ್ಷೇತ್ರದ ಸಂಶೋಧಕರೂ ಪೊರೆಯ ಪಾಲನ್ನು ಹೇಳುವ ಮೊದಲು ವಿದ್ಯುದ್ವಾರದ ಪಾಲನ್ನು ಕಳೆಯಬೇಕು. ಅದನ್ನು ಓದಿದಾಗ ನನಗೆ ಒಂದು ಬಗೆಯ ಸಮಾಧಾನವೂ ಆಯಿತು.

ಪರಿಹಾರ ನಾವು ಪಿಯುಸಿಯಿಂದ ಬರೆಯುತ್ತ ಬಂದ ಲವಣ ಸೇತುವೆ. ಎರಡು ಬೆಳ್ಳಿ ತಂತಿಗಳನ್ನೂ ಒಂದೇ ಸಾರತೆಯ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಚಿಕ್ಕ ಲೋಟಗಳಲ್ಲಿಟ್ಟು, ಅಲ್ಲಿಂದ ಬಾಟಲಿಗಳಿಗೆ ಅಗರ್ ತುಂಬಿದ ಬಾಗಿದ ನಳಿಕೆಗಳನ್ನು ಇಳಿಸಿದೆ. ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ನೀರಿನಲ್ಲಿ ಸುಮಾರು ಒಂದೇ ವೇಗದಲ್ಲಿ ಚಲಿಸುವುದರಿಂದ ಸೇತುವೆ ತನ್ನದೇ ವೋಲ್ಟೇಜನ್ನು ಹೆಚ್ಚು ಸೇರಿಸುವುದಿಲ್ಲ. ಈಗ ಫಿಲ್ಟರ್ ಕಾಗದ ಇಟ್ಟರೆ ಮೀಟರ್ ಮೈನಸ್ 17 ಮಿಲಿವೋಲ್ಟ್ ತೋರಿಸಿತು. ಮೈನಸ್! ತಂತಿ ಅದಲುಬದಲಾಗಿದೆಯೇ ಎಂದು ಎರಡು ಸಲ ನೋಡಿದೆ. ಆಗಿರಲಿಲ್ಲ.

ಇದರ ಕಾರಣ ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದದ್ದು. ಯಾರೂ ತಡೆಯದಿದ್ದರೆ ಸೋಡಿಯಂಗಿಂತ ಕ್ಲೋರೈಡ್ ಅಯಾನು ವೇಗವಾಗಿ ಚಲಿಸುತ್ತದೆ. ಸೋಡಿಯಂ ಬಿಡಿ ಅಯಾನಾಗಿ ಚಿಕ್ಕದು, ಆದರೆ ನೀರಿನ ಅಣುಗಳನ್ನು ಬಿಗಿಯಾಗಿ ಮೈಗೆ ಸುತ್ತಿಕೊಂಡು ಸಾಗುವುದರಿಂದ ನಿಧಾನ. ಹಾಗಾಗಿ ಫಿಲ್ಟರ್ ಕಾಗದದ ಮೂಲಕ ಕ್ಲೋರೈಡ್ ಮುಂದೆ ಓಡಿ ಸಿಹಿನೀರಿನ ಕಡೆಯನ್ನು ಋಣವಾಗಿಸುತ್ತದೆ. ಲೆಕ್ಕ ಹಾಕಿದರೆ ಮೈನಸ್ 20ರ ಹತ್ತಿರ ಬರುತ್ತದೆ. ಪೊರೆ ನಿಜವಾಗಿ ಸೋಡಿಯಂ ಅನ್ನು ಆಯ್ದು ಬಿಟ್ಟರೆ ಸಿಹಿನೀರಿನ ಕಡೆ ಧನವಾಗಬೇಕು. ಅಂದರೆ ಪೊರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಸಂಖ್ಯೆ ಬೇಡ, ಎಲ್‌ಇಡಿ ಬೇಡ; ಚಿಹ್ನೆ ತಿರುಗಿದರೆ ಸಾಕು.

ನುಗ್ಗೆ ಬಿಲ್ಲೆ ಮೈನಸ್ 15. ಕಾಗದಕ್ಕೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆಮೇಲೆ ಜೀವವಿಜ್ಞಾನ ವಿಭಾಗದಲ್ಲಿ ಯೀಸ್ಟ್ ಮಣಿ ಮಾಡಲು ತರಿಸಿದ್ದ ಸೋಡಿಯಂ ಆಲ್ಜಿನೇಟ್ ಸಿಕ್ಕಿತು. ಕಾರ್ಬಾಕ್ಸಿಲ್ ಗುಂಪುಗಳು ತುಂಬಿದ, ಕಂದು ಕಡಲಕಳೆಯಿಂದ ತೆಗೆದ ಪದಾರ್ಥ. (ಕಂದು ಕಡಲಕಳೆ ಕಟ್ಟುನಿಟ್ಟಾಗಿ ಸಸ್ಯವಲ್ಲ ಎಂದು ಜೀವವಿಜ್ಞಾನದ ಗೆಳತಿ ತಕರಾರು ತೆಗೆದಳು. ಕೆಳಗಿರುವ ಫಿಲ್ಟರ್ ಕಾಗದ ಸೆಲ್ಯುಲೋಸ್ ತಾನೆ ಎಂದು ರಾಜಿಯಾದೆವು.) ನೂರು ಮಿಲಿಲೀಟರ್ ನೀರಿಗೆ 2 ಗ್ರಾಂ ಆಲ್ಜಿನೇಟ್ ಕದಡಿ, ಫಿಲ್ಟರ್ ಕಾಗದವನ್ನು ಅದರಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದೆ. ಕಾಗದದ ರಂಧ್ರಗಳಲ್ಲಿ ಜೆಲ್ ಗಟ್ಟಿಯಾಗಿ ಕೂತಿತು. ಬಾಟಲಿಗಳ ನಡುವೆ ಇಟ್ಟಾಗ ಮೀಟರ್ ಪ್ಲಸ್ 10ರಿಂದ 12ರ ನಡುವೆ ಆಡುತ್ತಿತ್ತು.

ಬರೀ 11 ಮಿಲಿವೋಲ್ಟ್. ಆದರೆ ಚಿಹ್ನೆ ತಿರುಗಿತ್ತು. ಅರ್ಧ ಗಂಟೆಯೊಳಗೆ ಸಂಖ್ಯೆ ಇಳಿಯಲು ಶುರುವಾಯಿತು. ಉಪ್ಪುನೀರಿನ ಸೋಡಿಯಂ ಜೆಲ್ಲಿನ ಕ್ಯಾಲ್ಸಿಯಂ ಅನ್ನು ಹೊರದೂಡಿ ಪೊರೆಯನ್ನು ಸಡಿಲ ಮಾಡುತ್ತಿತ್ತು. ತರಗತಿಯಲ್ಲಿ ತೋರಿಸುವುದಾದರೆ ಪೊರೆಯನ್ನು ಆಗಲೇ ಜೋಡಿಸಬೇಕು, ಹಿಂದಿನ ರಾತ್ರಿ ಅಲ್ಲ.

ದೊಡ್ಡ ಪ್ರಮಾಣದಲ್ಲಿ ಇದು ಎಲ್ಲಿಗೆ ಬಂದಿದೆ? ನಾರ್ವೆಯ ಸ್ಟಾಟ್‌ಕ್ರಾಫ್ಟ್ ಸಂಸ್ಥೆ 2009ರಲ್ಲಿ ಓಸ್ಲೋ ಫಿಯೋರ್ಡಿನ ತೋಫ್ತೆಯಲ್ಲಿ, ಒಂದು ಕಾಗದದ ತಿರುಳಿನ ಕಾರ್ಖಾನೆಯ ಆವರಣದಲ್ಲೇ, ಒತ್ತಡ ವಿಧಾನದ ಘಟಕ ತೆರೆಯಿತು. ಮೊದಲಿಗೆ ಬಳಸಿದ ಪೊರೆ ಸೆಲ್ಯುಲೋಸ್ ಅಸಿಟೇಟ್, ಅಂದರೆ ಮೂಲದಲ್ಲಿ ಸಸ್ಯದ್ದೇ. ಸುಮಾರು 2,000 ಚದರ ಮೀಟರ್ ಪೊರೆಯಿಂದ ಕೆಲವೇ ಕಿಲೋವ್ಯಾಟ್ ಬಂತು, ಒಂದೆರಡು ವಿದ್ಯುತ್ ಕೆಟಲ್‌ಗಳಿಗೆ ಸಾಲುವಷ್ಟು. ಲಾಭದಾಯಕವಾಗಲು ಚದರ ಮೀಟರಿಗೆ 5 ವ್ಯಾಟ್ ಬೇಕೆಂಬ ಗುರಿ ಕೈಗೂಡದೆ ಕೆಲವು ವರ್ಷಗಳಲ್ಲಿ ಅದನ್ನು ನಿಲ್ಲಿಸಿದರು. ನೆದರ್ಲೆಂಡ್ಸಿನ ಆಫ್ಸ್‌ಲೌಟ್‌ಡೈಕ್ ಎಂಬ ಉದ್ದನೆಯ ಒಡ್ಡಿನ ಮೇಲೆ 2014ರಲ್ಲಿ ಅಯಾನು ವಿಧಾನದ ಪ್ರಾಯೋಗಿಕ ಘಟಕ ಶುರುವಾಯಿತು, 50 ಕಿಲೋವ್ಯಾಟ್ ಗುರಿಯದು. ಜಪಾನಿನ ಫುಕುವೋಕಾದಲ್ಲಿ 2025ರ ಆಗಸ್ಟ್‌ನಲ್ಲಿ ತೆರೆದ ಘಟಕ ವರ್ಷಕ್ಕೆ ಸುಮಾರು 8,80,000 ಯೂನಿಟ್ ನಿರೀಕ್ಷಿಸುತ್ತದೆ. ಅಲ್ಲಿ ನದಿಯೂ ಸಮುದ್ರವೂ ನೇರವಾಗಿ ಇಲ್ಲ. ಕಡಲನೀರು ಸಿಹಿ ಮಾಡುವ ಸ್ಥಾವರದಿಂದ ಉಳಿದ ಗಾಢ ಉಪ್ಪುನೀರು ಒಂದು ಕಡೆ, ಶುದ್ಧೀಕರಿಸಿದ ಚರಂಡಿ ನೀರು ಇನ್ನೊಂದು ಕಡೆ. ನನ್ನ ಮಟ್ಟಿಗೆ ಇದೇ ಹೆಚ್ಚು ಬುದ್ಧಿವಂತ ದಾರಿ ಅನ್ನಿಸುತ್ತದೆ. ಉಪ್ಪಿನ ವ್ಯತ್ಯಾಸ ಹೆಚ್ಚು, ಎರಡು ನೀರೂ ಆಗಲೇ ಕೊಳವೆಯಲ್ಲಿವೆ, ನದಿಯ ತಂಟೆಗೆ ಹೋಗುವುದಿಲ್ಲ.

ಸಸ್ಯಜನ್ಯ ಪೊರೆಗಳ ವರದಿಗಳಲ್ಲಿ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂಬ ಆಕರ್ಷಕ ಸಂಖ್ಯೆಗಳು ಬರುತ್ತವೆ. ಅವನ್ನು ಓದುವಾಗ ಅಳೆದ ಜಾಗ ಎಷ್ಟು ಎಂದು ನೋಡಬೇಕು. ಇಂಥ ನ್ಯಾನೋ ಓಣಿಗಳ ಪೊರೆಗಳನ್ನು ಸಾಮಾನ್ಯವಾಗಿ 0.03 ಚದರ ಮಿಲಿಮೀಟರಿನಷ್ಟು ಕಿರಿದಾದ ಕಿಂಡಿಯಲ್ಲಿ ಅಳೆಯುತ್ತಾರೆ. ಚದರ ಮೀಟರಿಗೆ 5 ವ್ಯಾಟ್ ಎಂದರೆ ಆ ಕಿಂಡಿಯಿಂದ ನಿಜವಾಗಿ ಬಂದದ್ದು 0.15 ಮೈಕ್ರೋವ್ಯಾಟ್. ಸಣ್ಣ ಕಿಂಡಿಗೆ ಅಯಾನುಗಳು ಸುತ್ತಲಿಂದಲೂ ಬಂದು ಸೇರಬಹುದು. ದೊಡ್ಡ ಹಾಳೆಗೆ ಎದುರಿನಿಂದ ಮಾತ್ರ. ಜೊತೆಗೆ ಸಿಹಿನೀರಿನ ರೋಧವೇ ದೊಡ್ಡದು. ಹಾಗಾಗಿ ಕಿಂಡಿಯ ಸಂಖ್ಯೆಯನ್ನು ಹಾಳೆಗೆ ಗುಣಿಸಿದರೆ ಹೊಂದುವುದಿಲ್ಲ. ಮಕ್ಕಳಿಗೆ ಏಕಮಾನ ಪರಿವರ್ತನೆ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಪಾಠವನ್ನು ಮರಳಿ ತೆಗೆದುಕೊಳ್ಳಲು ಮಾರ್ಗದರ್ಶಕ ಶಿಕ್ಷಕಿಯವರ ಹತ್ತಿರ ಒಂದು ಅವಧಿ ಕೇಳಿದೆ. ಪಠ್ಯ ಮುಗಿಸುವ ಒತ್ತಡದ ನಡುವೆಯೂ ಕೊಟ್ಟರು. ಮೊದಲ ಹತ್ತು ನಿಮಿಷ ನನ್ನ ಹಳೆಯ ಮಾದರಿಯನ್ನೇ ಮುಂದಿಟ್ಟು, "ಇದರಲ್ಲಿ ತಪ್ಪೇನು, ಕಂಡುಹಿಡಿಯಿರಿ" ಎಂದೆ. ಮರ ತೆಗೆದರು, ನೀರು ಬದಲಿಸಿದರು, ಕೊನೆಗೆ ಎರಡೂ ಕಡೆ ತಾಮ್ರವನ್ನೇ ಹಾಕಿ ನೋಡಿದರು. ಮುಕ್ಕಾಲು ವೋಲ್ಟ್ ಹೋಗಿ ಮಿಲಿವೋಲ್ಟುಗಳಲ್ಲಿ ಎತ್ತೆತ್ತಲೋ ಅಲೆಯುವ ಸಂಖ್ಯೆ ಉಳಿಯಿತು. ಆಮೇಲೆ ಫಿಲ್ಟರ್ ಕಾಗದದ ಮೈನಸ್, ಆಲ್ಜಿನೇಟ್ ಕಾಗದದ ಪ್ಲಸ್ ತೋರಿಸಿದೆ. ಎಲ್‌ಇಡಿ ಹೊತ್ತಲಿಲ್ಲ, ಚಪ್ಪಾಳೆಯೂ ಇಲ್ಲ. "ನೂರು ಪೊರೆ ಜೋಡಿಸಿದರೆ ಎಷ್ಟು?" ಎಂದು ಒಬ್ಬ ಕೇಳಿದ. ಧನ ಅಯಾನಿನದು ಐವತ್ತು, ಋಣ ಅಯಾನಿನದು ಐವತ್ತು, ಪ್ರತಿಯೊಂದೂ 11 ಮಿಲಿವೋಲ್ಟ್ ಎಂದು ಹಲಗೆಯ ಮೇಲೆ ಅವನೇ ಲೆಕ್ಕ ಮಾಡಿ 1.1 ಎಂದು ಬರೆದ.

ನಂತರ ಚರ್ಚೆ ಅಳಿವೆಯತ್ತ ಹೋಯಿತು. ನೆದರ್ಲೆಂಡ್ಸಿನಲ್ಲಿ ಒಡ್ಡಿನ ಒಂದು ಬದಿ ಸಿಹಿ ಸರೋವರ, ಇನ್ನೊಂದು ಬದಿ ಕಡಲು, ಎರಡು ನೀರೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ನಮ್ಮಲ್ಲಿ ಮೈಲುಗಟ್ಟಲೆ ಹಿನ್ನೀರಿನಲ್ಲಿ ಎರಡೂ ನಿಧಾನವಾಗಿ ಬೆರೆತೇ ಬರುತ್ತವೆ. ಬೇರೆ ಬೇರೆಯಾಗಿ ಬೇಕೆಂದರೆ ಮೇಲಿನಿಂದ ಒಂದು ಕೊಳವೆ, ಕಡಲಿನಿಂದ ಒಂದು ಕೊಳವೆ, ಪಂಪು, ಕೆಸರು ಸೋಸುವ ವ್ಯವಸ್ಥೆ. ಪಡೆದ ಶಕ್ತಿಯಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ. ಮೀನುಗಾರರ ಮನೆಯ ಹುಡುಗನೊಬ್ಬ ನೀರಿನ ಉಪ್ಪು ಬದಲಾದರೆ ಬೆಳಚು ಸಾಯುತ್ತದೆ ಎಂದ. ಅವನ ಮಾತಿಗೆ ಆಧಾರವಿದೆ. ವಿದ್ಯುದಾಗರಗಳಿಂದ ವರ್ಷವಿಡೀ ಬಿಡುವ ಸಿಹಿನೀರಿನಿಂದ ಶರಾವತಿ ಅಳಿವೆಯ ಲವಣತೆ ತಗ್ಗಿದೆ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಗೆ ಹೋಲಿಸಿದರೆ ಇಲ್ಲಿ ಮೀನು, ಚಿಪ್ಪುಜೀವಿಗಳ ವೈವಿಧ್ಯ ಕಡಿಮೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರ ಅಧ್ಯಯನಗಳು ಹೇಳಿವೆ. ಇದನ್ನು ನಾನು ಆಮೇಲೆ ಓದಿ ತಿಳಿದದ್ದು. ಅವನು ಓದದೆ ತಿಳಿದಿದ್ದ.

ಅವಧಿ ಮುಗಿದ ಮೇಲೆ ಆ ಮೂರನೆಯ ಬೆಂಚಿನ ಹುಡುಗಿ ಆಲ್ಜಿನೇಟ್ ಕಾಗದದ ಉಳಿದ ಚೂರನ್ನು ಕೇಳಿ ಇಸಿದುಕೊಂಡಳು. ಯಾಕೆಂದು ವಿಚಾರಿಸಿದೆ. "ಮನೇಲಿ ಬೆಂಡೆಕಾಯಿ ಲೋಳೆಯಲ್ಲಿ ಆಗ್ತದಾ ನೋಡ್ತೆ ಟೀಚರ್" ಎಂದಳು. ಬೆಂಡೆಯ ಲೋಳೆಯಲ್ಲೂ ಪೆಕ್ಟಿನ್ ಜಾತಿಯ ಆಮ್ಲೀಯ ಪದಾರ್ಥವಿದೆ. ನೀರಿನಲ್ಲಿ ಕರಗಿಹೋಗದಂತೆ ಅದನ್ನು ಕಾಗದಕ್ಕೆ ಹಿಡಿಸುವುದು ಹೇಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ನನ್ನ ಬೋಧನಾಭ್ಯಾಸ ಮುಗಿಯಲು ನಾಲ್ಕು ದಿನ ಉಳಿದಿತ್ತು. ಮಲ್ಟಿಮೀಟರನ್ನೂ ಲವಣ ಸೇತುವೆಗಳನ್ನೂ ಮಾರ್ಗದರ್ಶಕ ಶಿಕ್ಷಕಿಯವರ ಕಪಾಟಿನಲ್ಲಿ ಇಟ್ಟು ಬಂದಿದ್ದೇನೆ.